ನೆಲಕ್ಕೆ ಬೆನ್ನು ಕೊಟ್ಟು ಬರೆದ ಹೂವು

ಬೆಳಕು ಹರಿಯುವ ಹೊತ್ತಿಗೆ ಅತ್ತೆ, ಸೊಸೆ ಇಬ್ಬರೂ ಚಾಪೆಯ ಮೇಲೆ ಅಂಗಾತ ಮಲಗಿದ್ದಾರೆ. ನಿದ್ದೆಯಲ್ಲಲ್ಲ, ಕೆಲಸದಲ್ಲಿ! ತೊಲೆಗೆ ಕಟ್ಟಿದ ಹಗ್ಗದಲ್ಲಿ ಬೊಗಸೆ ತುಂಬುವಷ್ಟು ದೊಡ್ಡ ಮಣ್ಣಿನ ಗುಂಡೊಂದು ತೂಗುತ್ತಿದೆ. ಸೊಸೆ ಅದರ ತಳಕ್ಕೆ ನೀಲಿ ಹೂವು ಬರೆಯುತ್ತಿದ್ದಾಳೆ. ಬಣ್ಣದ ಹನಿ ಅತ್ತೆಯ ಮೂಗಿನ ಮೇಲೇ ಬೀಳುತ್ತದೆ.

"ನೋಡೋರು ಕೆಳಗಿಂದ ನೋಡ್ತಾರೆ. ಬರೆಯೋರೂ ಕೆಳಗಿಂದಲೇ ಬರೀಬೇಕಲ್ವಾ?" ಎನ್ನುತ್ತಾರೆ ಅತ್ತೆ, ಮೂಗು ಒರೆಸಿಕೊಳ್ಳುತ್ತಾ, ಇವರ ಕೆಲಸ ನೋಡಲು ಬಂದ ನನಗೆ.

ಊರಿಗೆಲ್ಲ ಇವರು ಗುಂಡಕ್ಕ. ಹಳೆಯ ಪ್ರಾರ್ಥನಾ ಮಂದಿರದ ದೀಪದ ಸರಪಳಿಗಳಲ್ಲಿ ತೂಗುವ ಪಿಂಗಾಣಿ ಗುಂಡುಗಳೆಲ್ಲ ಇವರ ಕೈಯವು. ದಿನಕ್ಕೊಂದು ಗುಂಡು ಮುಗಿದರೆ ಅದೇ ಹೆಚ್ಚು. ಅವುಗಳ ಅಡಿಯಲ್ಲಿ ಕೂತೆದ್ದವರು ಸಾವಿರಾರು, ಮಾಡಿದವರು ಯಾರೆಂದು ಕೇಳಿದವರು ಮಾತ್ರ ಕಾಣೆ.

ಈಚೆಗೆ ಒಂದು ಗುಂಡು ಬಿದ್ದು ಒಡೆಯಿತು. ಹೊಸದು ಉಳಿದವುಗಳ ಜೊತೆ ಹೊಂದದಿದ್ದರೆ ಎಲ್ಲವನ್ನೂ ಇಳಿಸಿ ಪ್ಲಾಸ್ಟಿಕ್ಕಿನವು ಹಾಕುವುದೆಂದು ಮಂದಿರದ ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಗುಂಡಕ್ಕನ ಕಣ್ಣೋ ಮಂಜಾಗಿದೆ. ಮಣ್ಣು ಹದ ಮಾಡಿ ಆವಿಗೆಯಲ್ಲಿ ಸುಡುವುದು ಈಗಲೂ ಅವರೇ, ಕುಂಚ ಮಾತ್ರ ಸೊಸೆಯ ಕೈಗೆ ಬಂದಿದೆ.

ಅವಳ ಮೊದಲ ಗುಂಡು ಎಡವಟ್ಟಾಯಿತು. ಮೇಜಿನ ಮುಂದೆ ಕೂತು, ಕಣ್ಣಿಗೆ ಕಂಡ ಮೇಲ್ಭಾಗದ ತುಂಬ ಹೂವು ಬರೆದಳು. ತೂಗುಹಾಕಿ ನೋಡಿದರೆ ತಳ ಬೋಳು!

"'ಹೂವೆಲ್ಲ ಚಾವಣಿಗೆ ತೋರಿಸಿದ್ಯಲ್ಲೇ' ಅಂತ ಅತ್ತೆ ನಕ್ಕರು. ಬೈದಿದ್ರೇ ವಾಸಿ ಇತ್ತು," ಎನ್ನುತ್ತಾಳೆ ಸೊಸೆ. ಚಾಪೆ ಹಾಸಿದ್ದು ಆಮೇಲೆ.

ವಾರದ ಬಳಿಕ ಹೊಸ ಗುಂಡು ಮಂದಿರದಲ್ಲಿ ಮೇಲೇರುತ್ತದೆ. ಯಜಮಾನರು ಕತ್ತು ನೋಯುವಷ್ಟು ಹೊತ್ತು ನೋಡುತ್ತಾರೆ.

"ಹೊಸದು ಯಾವುದು ಅಂತ ಗೊತ್ತಾಗ್ಬಿಡತ್ತಲ್ಲ, ಗುಂಡಕ್ಕ."

ಸೊಸೆಯ ಮುಖ ಸಪ್ಪಗಾಗುತ್ತದೆ. ಗುಂಡಕ್ಕ ಮಾತ್ರ ಅವಳ ಹೆಗಲ ಮೇಲೆ ಕೈಯಿಡುತ್ತಾರೆ.

"ಗೊತ್ತಾಗ್ಲಿ ಬಿಡಿ ಯಜಮಾನ್ರೇ. ಇವಳು ಮನೆಗೆ ಬಂದಾಗ್ಲೂ ಹೊಸಬಳು ಅಂತ ಗೊತ್ತಾಗ್ತಿತ್ತು. ಈಗ ಯಾವುದು ನನ್ನ ಅಡುಗೆ, ಯಾವುದು ಇವಳದು ಅಂತ ನನ್ನ ಮಗನಿಗೇ ಗೊತ್ತಾಗಲ್ಲ. ಇದಕ್ಕೂ ಸ್ವಲ್ಪ ದಿನ ದೀಪದ ಹೊಗೆ ತಾಗ್ಲಿ."

ಯಜಮಾನರು ನಕ್ಕುಬಿಡುತ್ತಾರೆ. ಬಿರುಕು ಬಿಟ್ಟ ಇನ್ನೆರಡು ಗುಂಡುಗಳತ್ತ ಬೆರಳು ತೋರಿಸಿ, "ಸರಿ, ಅವನ್ನೂ ಇವಳ ಕೈಲೇ ಬರೆಸಿ," ಎನ್ನುತ್ತಾರೆ. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಇನ್ನೇನು ಆಸೆ ಎಂದು ಹೊರಗೆ ಗುಂಡಕ್ಕನನ್ನು ಕೇಳುತ್ತೇನೆ.

"ಇವಳು ಬರೆದಿದ್ದೂ ಒಂದಿನ ಒಡೆಯತ್ತೆ. ಆಗ ಇದರ ಜೋಡಿ ಎಲ್ಲಿ ಹುಡುಕೋದು ಅಂತ ಯಜಮಾನ್ರು ತಲೆ ಕೆರ್ಕೋಬೇಕು. ಅಷ್ಟೇ."