ಅಡಗಿ ಕೂರುವ ಫೈರ್ ಮಾರ್ಷಲ್

ಗಲ್ಫ್‌ನ ಅಲ್ ಖುವೈರ್‌ನಲ್ಲಿರುವ ನಮ್ಮ ಆಫೀಸಿನ ಫೈರ್ ಮಾರ್ಷಲ್, ಅಂದರೆ ಬೆಂಕಿ ಬಿದ್ದರೆ ಎಲ್ಲರನ್ನೂ ಹೊರಗಿಳಿಸುವ ಹೊಣೆ ಹೊತ್ತವರು, ಬಂಟ್ವಾಳದ ಕಡೆಯವರು. ಯಾರು ಎದುರಾದರೂ ಗಡ್ಡ ನೀವಿಕೊಂಡು, "ಒಳಗೆ ಯಾರುಂಟು, ನೋಡಿದ್ರಾ?" ಎನ್ನುತ್ತಿದ್ದರು. ಸಹಾಯಕ ಮಾರ್ಷಲ್ ಆಗಲು ತರಬೇತಿಯ ಸರ್ಟಿಫಿಕೇಟ್ ಇದ್ದರೆ ಸಾಕೆಂಬುದು ನಿಯಮ. ಅವರಿಗೆ ಅದು ಸಾಲದು. ಬೆಂಕಿಯ ಅಣಕು ಡ್ರಿಲ್ ನಡೆಯುವಾಗ ತಾವೇ ಎಲ್ಲೋ ಅಡಗಿ ಕೂರುತ್ತಿದ್ದರು. ಅವರನ್ನು ಹುಡುಕದೆ ಕೆಳಗಿಳಿದವನಿಗೆ ಆ ಜವಾಬ್ದಾರಿ ಸಿಗುತ್ತಿರಲಿಲ್ಲ.

ನನ್ನ ಸರದಿಯ ದಿನ ಎಲ್ಲರನ್ನೂ ಇಳಿಸಿ, ಒಂದೊಂದೇ ಬಾಗಿಲು ತೆರೆಯುತ್ತಾ ಬಂದೆ. ಸ್ಟೋರ್ ರೂಮಿನ ಪೆಟ್ಟಿಗೆಗಳ ಹಿಂದೆ ಚಹಾ ಕುಡಿಯುತ್ತಾ ಕೂತಿದ್ದರು.

"ನನಗೆ ಮೀಟಿಂಗ್ ಉಂಟು, ನೀವು ಹೋಗಿ," ಎಂದರು, ಥೇಟ್ ನಮ್ಮ ಮ್ಯಾನೇಜರ್ ಧಾಟಿಯಲ್ಲಿ.

"ಮೀಟಿಂಗ್ ಕೆಳಗೆ ಮಾಡುವ ಸಾರ್, ಏಳಿ," ಎಂದು ಕೈಹಿಡಿದು ಎಬ್ಬಿಸಿದೆ.

ಪಾರ್ಕಿಂಗ್‌ನ ಬಿಸಿಲಲ್ಲಿ, ಎಲ್ಲರೆದುರು, ನನಗೆ ಸಹಾಯಕ ಮಾರ್ಷಲ್‌ನ ಕೆಂಪು ಜಾಕೆಟ್ ತೊಡಿಸಿದರು. "ಇನ್ನು ಇವ ಹೇಳಿದ್ರೆ ಮ್ಯಾನೇಜರೂ ಇಳೀಬೇಕು. ಖಲಾಸ್."

ನಮ್ಮ ಮನೆಯ ಮೊದಲ ಪದವೀಧರ ನಾನು. ಘಟಿಕೋತ್ಸವದಲ್ಲಿ ತೊಟ್ಟ ಗೌನು ಬಾಡಿಗೆಯದಾಗಿತ್ತು. ಈ ಜಾಕೆಟ್ ನನ್ನದು.