ಮರ್ಲ್ ಅಜ್ಜಿಯ ಮುಳುಗಿದ ಬೇಲಿ

“ಗುಡ್ಡ ಕಾಣಿಸ್ತಿದೆ ಅಂತ ಆ ಬ್ರೆಟ್‌ಗೆ ಗೊತ್ತೇ ಆಗ್ಲಿಲ್ವಂತೆ. ಗುಡ್ಡ ಕಣೇ. ಚಿಟ್ಟೆ ಅಲ್ಲ, ಹಾರ್ಕೊಂಡು ಬಂದು ಫೋಟೋದಲ್ಲಿ ಕೂತ್ಕೊಳೋಕೆ,” ಅಂದ್ರು ಮರ್ಲ್ ಅಜ್ಜಿ, ಹುಳದ ಡಬ್ಬಿ ನನ್ನ ಮಡಿಲಿಗೆ ಹಾಕಿ ದೋಣಿ ಮೋಟರಿನ ಹಗ್ಗ ಎಳೀತಾ.

“ಅಜ್ಜಿ, ಇದನ್ನ ಹೋದ ವಾರಾನೂ ಹೇಳಿದ್ರಿ.”

“ಸತ್ಮೇಲೂ ಹೇಳ್ತೀನಿ. ಬಾಯ್ಮುಚ್ಕೊಂಡು ಕೂತ್ಕೋ, ಚಿನ್ನ.”

ಮರ್ಲ್ ಟ್ರೆಗಿಯರ್‌ಗೆ ಎಂಬತ್ತರ ಹತ್ರ ಹತ್ರ ವಯಸ್ಸು. ವಿಕ್ಟೋರಿಯಾದ ನಮ್ಮ ಈ ಹಿನ್ನೀರಲ್ಲಿ ಅವ್ರಷ್ಟು ಮೀನು ಹಿಡಿದೋರು ಯಾರೂ ಇಲ್ಲ, ಹಿಡಿದು ಅಷ್ಟನ್ನೂ ವಾಪಸ್ ಬಿಟ್ಟೋರೂ ಇಲ್ಲ. ನಾನು ಅವ್ರ ಪಕ್ಕದ ಮನೇಲೇ ಬೆಳೆದೋಳು, ಶನಿವಾರ ಬಂತಂದ್ರೆ ಕಾಲೇಜಿಂದ ಬಸ್ ಹತ್ತಿ ಓಡಿ ಬರೋದೇ ಈ ದೋಣಿಗೋಸ್ಕರ, ಅದ್ರಲ್ಲೂ ಆವತ್ತು ನಂಗೆ ಖುಷಿ ತಡ್ಕೊಳೋಕೇ ಆಗ್ತಿರ್ಲಿಲ್ಲ, ಯಾಕಂದ್ರೆ ಬೇಸಿಗೆ ಇಡೀ ಕಾದಿದ್ದ ಸೇಡು ತೀರೋ ದಿನ ಅದು.

ಸೇಡು ಬ್ರೆಟ್ ಹಾಬ್ಡೇ ಮೇಲೆ. ಹೊಸ ದೋಣಿ, ಹೊಸ ಟೋಪಿ, ಬಾಯಿ ತುಂಬ ಸಕ್ಕರೆ. “ಒಂದೇ ಒಂದ್ಸಲ ಪಾದ್ರೀನ ತೋರ್ಸಿ ಅಜ್ಜಿ,” ಅಂತ ಬೆನ್ನು ಹತ್ತಿದ್ದ. ಪಾದ್ರಿ ಅಂದ್ರೆ ಒಂದು ಮುದಿ ಮರ್ರಿ ಕಾಡ್ ಮೀನು, ಗಂಟಲ ಕೆಳಗೆ ಪಾದ್ರಿ ಕಾಲರಿನ ಹಾಗೆ ಬಿಳೀ ಪಟ್ಟಿ, ಮುಳುಗಿದ ಒಂದು ಮರದ ಬುಡದಲ್ಲೇ ಅದರ ಮನೆ. ಅಜ್ಜಿ ವರ್ಷಕ್ಕೊಂದ್ಸಲ ಅದನ್ನ ಹಿಡಿದು, ನೀರಲ್ಲೇ ಇಟ್ಕೊಂಡು, “ಇನ್ನೂ ಇದ್ದೀಯೇನೋ ಮುದಿಯ” ಅಂತ ವಿಚಾರಿಸಿ ಬಿಟ್ಬಿಡೋರು. ಗಂಡ ಹೋದ್ಮೇಲೆ ಅಷ್ಟು ಮೆತ್ತಗೆ ಅವ್ರು ಮಾತಾಡಿಸ್ತಿದ್ದಿದ್ದು ಅದೊಂದನ್ನೇ.

ನಮ್ ಕಡೆ ಮೀನಿನ ಫೋಟೋ ಅಂದ್ರೆ ಹಿಂದೆ ಬರೀ ಆಕಾಶ ಇರ್ಬೇಕು. ಗುಡ್ಡ, ಮರ, ದಡ, ಏನು ಕಂಡ್ರೂ ಜಾಗದ ಗುಟ್ಟು ಬಿಟ್ಟುಕೊಟ್ಟ ಹಾಗೆ. ಅಜ್ಜಿ ಕೊನೆಗೂ ಕರಗಿ ಅವ್ನನ್ನ ಕರ್ಕೊಂಡು ಹೋದ್ರು. ಅಲ್ಲಿ ಬ್ರೆಟ್ ಏನ್ ಮಾಡ್ದ, ಫೋನನ್ನ ದೋಣಿ ಅಂಚಿಗೆ ಸಿಕ್ಕಿಸಿ, ಪಾದ್ರೀನ ಎತ್ತಿ ಹಿಡ್ಕೊಂಡು ಒಂದಾದ್ಮೇಲೊಂದು ಫೋಟೋ, ಅಜ್ಜಿ “ಸಾಕು, ನೀರಿಗೆ ಬಿಡು, ಉಸಿರು ಕಟ್ಟತ್ತೆ” ಅಂತ ಬೇಡ್ಕೋತಿದ್ರೂ ಕೇಳ್ಲಿಲ್ಲ. ಅದ್ರಲ್ಲಿ ಹಿಂದಿನ ದಡದ ಸೀಳುಗುಡ್ಡ ಪೂರ್ತಿ ಕಾಣೋ ಒಂದನ್ನ ಊರಿಗೆಲ್ಲ ಹಂಚಿದ. ಮಾರನೇ ದಿನ ಆ ಮರದ ಸುತ್ತ ದೋಣಿಯೋ ದೋಣಿ. ಅವುಗಳ ಮಧ್ಯೆ ಪಾದ್ರಿ ಹೊಟ್ಟೆ ಮೇಲಾಗಿ ತೇಲ್ತಿತ್ತು.

“ಮೀನು ತಾನೆ ಅಜ್ಜಿ,” ಅಂದ ಬ್ರೆಟ್.

ಅಜ್ಜಿ ಅಳ್ಲಿಲ್ಲ, ಬೈಲಿಲ್ಲ. ಗಾಳ, ಹುಳ ಎಲ್ಲ ಮಾರೋ ಇವೋನ್ ಅಂಗಡಿಗೆ ಹೋಗಿ ಗೋಡೆ ಮೇಲೆ ತಮ್ಮದೇ ಒಂದು ಹಳೇ ಫೋಟೋ ಅಂಟಿಸಿದ್ರು. ಕೈಯಲ್ಲಿ ಭಾರೀ ಮೀನು, ಹಿಂದೆ ಮೂಲೇಲಿ ಬೇಕಂತ್ಲೇ ಬಿಟ್ಟಿದ್ದ ಒಂದು ಬೋಳು ಬಿಳೀ ಮರ. ಬ್ರೆಟ್ ಅದನ್ನ ನೋಡ್ದ, ಮರದ ಗುರುತು ಸಿಕ್ತು, ಏನೂ ಕೊಳ್ಳದೆ ದೋಣಿ ಕಡೆ ಓಡ್ದ.

ಆ ಬೋಳು ಮರದ ಕೆಳಗೆ, ನೀರಡೀಲಿ, ಏನಿತ್ತು ಗೊತ್ತಾ? ಅಜ್ಜಿಯ ಅಪ್ಪನ ಸೇಬಿನ ತೋಟ. ಅಣೆಕಟ್ಟು ಕಟ್ಟಿದಾಗ ಮನೆ ಬಿಚ್ಚಿ ಸಾಗಿಸಿದ್ರು, ಸೇಬಿನ ಮರಗಳನ್ನ ಕಡಿದ್ರು, ಮುಳ್ಳುತಂತಿ ಬೇಲಿ ಮಾತ್ರ ಹಾಗೇ ಮುಳುಗ್ತು. ಬ್ರೆಟ್ ಗಾಳಕ್ಕೆ ಕಟ್ಟಿ ಎಸೆದ ಬಣ್ಣದ ಸುಳ್ಳುಮೀನುಗಳು ಒಂದೊಂದಾಗಿ ಆ ತಂತಿಗೆ ಸಿಕ್ಕಿ, ದಾರ ಪಟ್ ಅಂತ ಹರೀತಿತ್ತು. ಬೇರೆ ಯಾರಾದ್ರೂ ಆಗಿದ್ರೆ ಜಾಗ ಬದಲಾಯಿಸ್ತಿದ್ರು. ಆದ್ರೆ ಕಾಡ್ ಮೀನು ಹಿಡಿಯೋರ ತಲೆ ಬೇರೆ ಥರ ಓಡತ್ತೆ: ಗಾಳ ಸಿಕ್ಕಿಕೊಂಡ್ರೆ ಕೆಳಗೆ ಮರ ಇದೆ, ಮರ ಇದ್ರೆ ದೊಡ್ಡ ಮೀನಿದೆ. ಕಳೆದಷ್ಟೂ ಅವನ ನಂಬಿಕೆ ಗಟ್ಟಿಯಾಯ್ತು. ಗುಟ್ಟಿನ ಜಾಗ ಅಲ್ವಾ, ಯಾರನ್ನೂ ಕೇಳೋ ಹಾಗೂ ಇಲ್ಲ. ಇವೋನ್ ಬಂದು “ಇವತ್ತೂ ಹೊಸದು ತಗೊಂಡ” ಅಂದಾಗೆಲ್ಲ ಅಜ್ಜಿ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕ್ಕೊಳ್ಳೋರು.

ಬೇಸಿಗೆ ಕೊನೇಲಿ ಹೊಲಗಳಿಗೆ ನೀರು ಬಿಟ್ಟು ಬಿಟ್ಟು ಹಿನ್ನೀರು ಇಳೀತು. ಆವತ್ತು ನಮ್ಮ ದೋಣಿ ತಿರುವು ದಾಟಿತು ನೋಡಿ, ಕೆಸರಲ್ಲಿ ಬೇಲಿ ಎದ್ದು ನಿಂತಿತ್ತು, ತಂತಿ ತುಂಬ ಕೆಂಪು, ಹಸಿರು, ಬಂಗಾರ ಬಣ್ಣದ ಸುಳ್ಳುಮೀನುಗಳು ಗಾಳಿಗೆ ತೂಗ್ತಾ ಇದ್ವು.

“ಅಪ್ಪ ಇದ್ದಾಗ್ಲೂ ಇಷ್ಟು ಫಸಲು ಬಂದಿರ್ಲಿಲ್ಲ,” ಅಂದ್ರು ಅಜ್ಜಿ.

ಮೊಣಕಾಲುದ್ದ ಕೆಸರಲ್ಲಿ ಬ್ರೆಟ್ ಅವನ್ನ ಬಿಡಿಸ್ತಾ ನಿಂತಿದ್ದ.

“ಏನಪ್ಪಾ ಬ್ರೆಟ್, ಮೀನು ಕಚ್ತಾ ಇದ್ಯಾ?”

ಅವ್ನು ನಮ್ಮನ್ನ ನೋಡ್ದ, ಬೇಲಿ ನೋಡ್ದ. “ಇಲ್ಲಿ ಬೇಲಿ ಇದೆ ಅಂತ ನಿಮ್ಗೆ ಗೊತ್ತಿತ್ತಾ?”

“ಅಪ್ಪ ಆ ಕಂಬ ನೆಡೋವಾಗ ಹಿಡ್ಕೊಂಡಿದ್ದೇ ನಾನು.”

“ಒಂದು ಮೀನಿಗೋಸ್ಕರ ಇಷ್ಟೆಲ್ಲಾನಾ?”

“ಮೀನು ತಾನೆ ಅಂತ ಇನ್ನೊಂದ್ಸಲ ಹೇಳು, ಕೇಳೋಣ.”

ಅವ್ನು ಮತ್ತೆ ತಂತಿಗೆ ಕೈ ಹಾಕ್ದ. ಅಜ್ಜಿ ನನ್ನ ಕಡೆ ತಿರುಗಿದ್ರು. “ಫೋನ್ ತೆಗಿ. ಗುಡ್ಡ ಬರ್ಲಿ, ಮರ ಬರ್ಲಿ, ಬೇಲಿ ಪೂರ್ತಿ ಬರ್ಲಿ. ಆಕಾಶ ಬೇಡ.”

ಬ್ರೆಟ್ ಟೋಪಿಯಿಂದ ಮುಖ ಮುಚ್ಕೊಂಡ.

“ಟೋಪಿ ಇಳ್ಸು ಮಗ. ಸಾಕು ಅನ್ನೋವರ್ಗೂ ನಿಂತ್ಕೋ. ಪಾದ್ರಿ ತಡ್ಕೊಂಡಿರ್ಲಿಲ್ವಾ?”

ಅವ್ನು ಟೋಪಿ ಇಳಿಸಿ ನಿಂತ, ನಾನು ತೆಗೀತಾನೇ ಇದ್ದೆ, ಅಜ್ಜಿ ಮಾತ್ರ ಸಾಕು ಅನ್ನೋಕೆ ಅವಸರ ಮಾಡ್ಲಿಲ್ಲ.

ವಾಪಸ್ ಬರೋವಾಗ ಚೀಸ್ ಉಪ್ಪಿನಕಾಯಿ ಸ್ಯಾಂಡ್‌ವಿಚ್ ಬಿಚ್ಚಿ ನಂಗರ್ಧ ಕೊಟ್ರು.

“ಹೊಟ್ಟೆ ತಣ್ಣಗಾಯ್ತಾ ಅಜ್ಜಿ?”

“ಇಲ್ಲ. ಇನ್ನೊಂದಾಳುದ್ದ ನೀರಿಳಿದ್ರೆ ಕೆಳಗಿನ ಬೇಲಿ ಏಳತ್ತೆ. ಅವನ ಒಳ್ಳೊಳ್ಳೇ ಮಾಲೆಲ್ಲ ಅಲ್ಲೇ ಇರೋದು. ಮುಂದಿನ ಶನಿವಾರ ಬೇಗ ಬಾ, ಅವ್ನಿಗಿಂತ ಮುಂಚೆ ಹೋಗಿ ಕೂತಿರೋಣ. ಕುರ್ಚಿ ನಾನು ತರ್ತೀನಿ.”

“ಟೀ ನಂದು,” ಅಂದೆ.