ಶೇಷಪ್ಪನ ಆರು ಕಣ್ಣುಗಳು

ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದೆ ಶೇಷಪ್ಪನ ಹಲ್ಲಿನ ಅಂಗಡಿ. ಯುದ್ಧಕಾಲದಲ್ಲಿ ಪುಣೆಯ ಒಂದು ಮಿಲಿಟರಿ ಆಸ್ಪತ್ರೆಯಲ್ಲಿದ್ದು, ಗಾಯಗೊಂಡ ಸೈನಿಕರಿಗೆ ಪ್ಲಾಸ್ಟಿಕ್ಕಿನ ಹಲ್ಲು, ಪ್ಲಾಸ್ಟಿಕ್ಕಿನ ಕಣ್ಣು ಮಾಡುವುದನ್ನು ಕಲಿತು ಬಂದ ಮನುಷ್ಯ. ಕೈ ಚೊಕ್ಕ, ನಾಲಗೆ ಸ್ವಲ್ಪ ಉದ್ದ. ಊರಿನವರಿಗೆ ಹಲ್ಲು ಸಾಕಾಗಿತ್ತು. ಕಣ್ಣು ಬೇಕೆಂದು ಬಂದವಳು ಒಬ್ಬಳೇ, ಮುಂಡಾಜೆಯ ಶಾಲೆಯ ಟೀಚರ್ ಅಮ್ಮಣ್ಣಿ.

ಅದು ಐವತ್ತೈದನೇ ಇಸವಿ. ಸಿಡುಬಿನಲ್ಲಿ ಕೆಟ್ಟ ಅವಳ ಎಡಗಣ್ಣನ್ನು ಮಂಗಳೂರಿನ ಡಾಕ್ಟರು ತೆಗೆದುಹಾಕಿದ್ದರು. ಹಲಗೆಯ ಮೇಲೆ ಬರೆದು ತಿರುಗಿದರೆ ಮುಂದಿನ ಸಾಲಿನ ಮಕ್ಕಳು ಮುಖ ಮುಚ್ಚಿಕೊಳ್ಳುತ್ತಿದ್ದರಂತೆ.

"ಅವುಗಳ ಎದುರು ಮುಖ ಎತ್ತಿ ನಿಲ್ಲುವ ಹಾಗೆ ಆಗಬೇಕು ಶೇಷಪ್ಪಣ್ಣ. ನನಗೆ ಬೇರೆ ಎಂತದೂ ಬೇಡ."

"ನೀನು ಸುಮ್ಮನಿರು. ಪೆನ್ಶನ್ ತೆಕ್ಕೊಳ್ಳುವವರೆಗೆ ಬಾಳುವ ಕಣ್ಣು ಮಾಡಿಕೊಡ್ತೇನೆ!"

ಮಾಡಿಯೂ ಕೊಟ್ಟ. ಕಣ್ಣಿನ ಗೂಡಿನ ಅಚ್ಚು ತೆಗೆದು, ಬೊಂಬಾಯಿಯಿಂದ ತರಿಸಿದ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಪುಡಿಯನ್ನು ಅದರದೇ ದ್ರವದಲ್ಲಿ ಕಲಸಿ, ಅಚ್ಚಿಗೆ ತುಂಬಿ, ಹಂಡೆಯ ನೀರಿನಲ್ಲಿ ಇಡೀ ದಿನ ಸಣ್ಣ ಉರಿಯಲ್ಲಿ ಬೇಯಿಸಿದ. ಪಾಪೆಗೆ ಬಣ್ಣ ಹಚ್ಚಲು ಎರಡು ಕೂದಲಿನ ಕುಂಚ. ಕೂರಿಸಿ ಕನ್ನಡಿ ಹಿಡಿದಾಗ ಅಮ್ಮಣ್ಣಿ ಅತ್ತುಬಿಟ್ಟಳು. ಶೇಷಪ್ಪನಿಗೆ ಹೆಮ್ಮೆಯಿಂದ ನೆಲವೇ ಕಾಣಲಿಲ್ಲ. ಪುಣೆಯಲ್ಲಿ ಸೈನಿಕರಿಗೆ ಹೇಳುತ್ತಿದ್ದುದನ್ನೇ ಅವಳಿಗೂ ಹೇಳಿ ಕಳಿಸಿದ: "ದಿನಾ ತೆಗೆದು ತೊಳೀಬೇಕು. ಒಂದು ಚೂರು ಕೊಳೆ ಇರಬಾರದು."

ಎಂಟು ತಿಂಗಳಿಗೆ ಅವಳು ತಿರುಗಿ ಬಂದಳು. ಕಣ್ಣಿನ ಹೊಳಪು ಹೋಗಿ ಮಂಜು ಕವಿದಿತ್ತು, ಮುಟ್ಟಿದರೆ ತರಿತರಿ. ಗೂಡು ಕೆಂಪಾಗಿ ಸದಾ ನೀರು ಸುರಿಯುತ್ತಿತ್ತು. ಬೇಯಿಸಿದ್ದು ಕಡಿಮೆಯಾಯಿತೆಂದು ಶೇಷಪ್ಪ ಎರಡನೆಯದನ್ನು ಇನ್ನೂ ಹೆಚ್ಚು ಹೊತ್ತು ಬೇಯಿಸಿದ. ಅದೂ ಹಾಗೇ ಆಯಿತು. ಮೂರನೆಯದಕ್ಕೆ ಪುಡಿ ಬದಲಾಯಿಸಿದ, ನಾಲ್ಕನೆಯದಕ್ಕೆ ದ್ರವದ ಅಳತೆ ತಗ್ಗಿಸಿ ವಾರಗಟ್ಟಲೆ ಪಾಲಿಶ್ ಹಾಕಿದ. ಒಂದೂ ವರ್ಷ ದಾಟಲಿಲ್ಲ. ಹೊಟ್ಟೆ ಉರಿಯುವ ಸಂಗತಿಯೆಂದರೆ, ಅದೇ ಪುಡಿಯ ಹಲ್ಲು ಕಟ್ಟಿಸಿಕೊಂಡ ಮುದುಕರು ಅಂಗಡಿಯೆದುರೇ ಚಕ್ಕುಲಿ ಕಡಿಯುತ್ತ ಓಡಾಡುತ್ತಿದ್ದರು. ಬೊಂಬಾಯಿಯ ಕಂಪೆನಿಗೆ ಕಾಗದ ಬರೆದರೆ, ನಮ್ಮ ಮಾಲು ಸರಿಯಾಗಿಯೇ ಇದೆ, ನಿಮ್ಮ ಕೆಲಸದ ಕ್ರಮ ನೋಡಿಕೊಳ್ಳಿ ಎಂದು ಎರಡೇ ಸಾಲಿನ ಉತ್ತರ ಬಂತು. ಅದನ್ನು ಹರಿದು ಒಲೆಗೆ ಹಾಕಿದ.

"ಆ ಟೀಚರ್ ಹತ್ತಿರವೇ ಒಮ್ಮೆ ವಿಚಾರಿಸಿ ನೋಡಬಾರದಾ?" ಎಂದಳು ಹೆಂಡತಿ ಪದ್ಮಾಕ್ಷಿ.

"ಅವಳಿಗೆ ಎಂತ ಗೊತ್ತು? ಇದು ಸಾಮಾನಿನ ವಿಷಯ!"

ಪದ್ಮಾಕ್ಷಿ ಆಮೇಲೆ ಆ ಸುದ್ದಿಗೆ ಹೋಗಲಿಲ್ಲ. ಹೇಳಿಸಿಕೊಳ್ಳುವ ಜಾತಿಯ ಮನುಷ್ಯನಲ್ಲ ಅವನು.

ಅರವತ್ತೊಂದರಲ್ಲಿ, ಐದನೆಯ ಕಣ್ಣೂ ನೋಯುತ್ತಿದೆ, ಬರಲು ರಜೆ ಇಲ್ಲ ಎಂದು ಅಮ್ಮಣ್ಣಿ ಬರೆದಳು. ಹೊಸ ಅಚ್ಚು ತೆಗೆಯಲು ಶೇಷಪ್ಪ ತಾನೇ ಹೊರಟು, ಹಿಂದಿನ ಸಂಜೆ ಬೆಳ್ತಂಗಡಿಯಲ್ಲಿ ನೆಂಟರ ಮನೆ ಸೇರಿ, ಬೆಳಗಿನ ಮೊದಲ ಬಸ್ಸಿಗೆ ಮುಂಡಾಜೆಯಲ್ಲಿ ಇಳಿದ. ಅಮ್ಮಣ್ಣಿ ಬಾವಿಕಟ್ಟೆಯ ಹತ್ತಿರ ಕುಳಿತು, ತೆಂಗಿನ ನಾರಿಗೆ ಬೂದಿ ಮೆತ್ತಿಕೊಂಡು ಕಂಚಿನ ಬಟ್ಟಲು ತಿಕ್ಕುತ್ತಿದ್ದಳು. ಬಟ್ಟಲು ಕವುಚಿಟ್ಟು, ಪಕ್ಕದ ತೆಂಗಿನ ಚಿಪ್ಪಿನಿಂದ ಕಣ್ಣನ್ನು ಎತ್ತಿಕೊಂಡಳು. ಅದೇ ನಾರು, ಅದೇ ಬೂದಿ. ಹಿಂದೆ ಮುಂದೆ ಗಸಗಸ ತಿಕ್ಕತೊಡಗಿದಳು.

"ಎಂತ ಮಾಡ್ತಾ ಇದ್ದಿ ಮಾರಾಯ್ತಿ!"

ಅವಳು ಬೆಚ್ಚಿ ತಿರುಗಿದಳು. "ತೊಳೀತಾ ಇದ್ದೇನೆ ಅಣ್ಣ. ಒಂದು ಚೂರು ಕೊಳೆ ಇರಬಾರದು ಅಂತ ನೀವೇ ಹೇಳಿದ್ದಲ್ವಾ? ಉಣ್ಣುವ ಬಟ್ಟಲನ್ನೇ ಹೀಗೆ ತಿಕ್ಕುತ್ತೇವೆ. ಇದು ಕಣ್ಣಿನ ಒಳಗೆ ಇಡುವಂಥದ್ದು."

"ಐದನ್ನೂ ಹೀಗೆಯಾ?"

"ಮತ್ತೆ? ಒಂದು ದಿನ ತಪ್ಪಿಸಿದ್ದಿಲ್ಲ."

ಶೇಷಪ್ಪ ಅವಳ ಕೈಯಿಂದ ಕಣ್ಣನ್ನು ಕಸಿದುಕೊಂಡ. ಬೈಯಬೇಕೆಂದು ಬಾಯಿ ತೆರೆದರೆ ಬೈಯುವುದಕ್ಕೆ ತನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ. ಆರು ವರ್ಷ ಪುಡಿಯನ್ನು ಬೈದ, ದ್ರವವನ್ನು ಬೈದ, ಬೊಂಬಾಯಿಯನ್ನು ಬೈದ. ಹಂಡೆಯೊಂದಕ್ಕೆ ಕಾಲಿನಿಂದ ಒದ್ದು ತಗ್ಗು ಮಾಡಿದ್ದೂ ಆಗಿತ್ತು.

ಅಂದು ತೆಗೆದ ಅಚ್ಚಿನಲ್ಲಿ ಆರನೆಯ ಕಣ್ಣನ್ನು ಅವನು ಜೀವ ತೇಯ್ದು ಮಾಡಿದ. ಬೇಸಿಗೆ ರಜೆಯಲ್ಲಿ ಅಮ್ಮಣ್ಣಿ ಮೂಡುಬಿದಿರೆಗೆ ಬಂದಳು. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಬೇರೇನೂ ಮುಟ್ಟಿಸಬಾರದೆಂದು ನಾಲ್ಕು ಸಲ ಹೇಳಿ ಕೂರಿಸಿದ. ಅವಳು ಒಮ್ಮೆ ರೆಪ್ಪೆ ಮಿಟುಕಿಸಿದ್ದೇ ಕಣ್ಣು ಜಾರಿ ಮಡಿಲಿಗೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಅಂಚು ತೇಯ್ದು ಕಿರಿದು ಮಾಡಿ ನೋಡಿದರೂ ನಿಲ್ಲಲಿಲ್ಲ. ಇಬ್ಬರೂ ಮಂಗಳೂರಿನ ಡಾಕ್ಟರ ಬಳಿಗೆ ಹೋದರು. ತರಿತರಿಯಾದ ಕಣ್ಣು ವರ್ಷಗಟ್ಟಲೆ ಒಳಗೆ ಉಜ್ಜಿ ಉಜ್ಜಿ ಗಾಯ ಕಲೆಗಟ್ಟಿ ಗೂಡು ಮುದುಡಿದೆ, ಇನ್ನು ಯಾವ ಕಣ್ಣೂ ಕೂರುವುದಿಲ್ಲ ಎಂದರು ಅವರು.

ಹಿಂದಿರುಗುವಾಗ ಇಬ್ಬರೂ ಬಂಟ್ವಾಳದಲ್ಲಿ ಬಸ್ಸಿಳಿದರು. ಅಲ್ಲಿ ಅವಳಿಗೆ ಬೆಳ್ತಂಗಡಿಯ ಬಸ್ಸು ಹಿಡಿಯುವುದಿತ್ತು, ಅವನಿಗೆ ಮೂಡುಬಿದಿರೆಯದು.

"ಮೊದಲನೆಯ ಕಣ್ಣು ಸರಿ ಇತ್ತಾ ಶೇಷಪ್ಪಣ್ಣ?"

"ಸರಿ ಇತ್ತು."

"ಎರಡನೆಯದು?"

"ಎಲ್ಲವೂ ಸರಿ ಇತ್ತು ಅಮ್ಮಣ್ಣಿ."

ಅವಳ ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿ ನೋಡಿದಳು.

"ಹೇಗೆ ತೊಳೀತಿ ಅಂತ ಒಂದು ಮಾತು ಕೇಳಬಹುದಿತ್ತಲ್ಲ ಅಣ್ಣ."